ರೂಸೋನ ಅರ್ಧ ಸಾಲು

ಸಂಪಾದಕರೇ,

ಬಿಎ ರಾಜ್ಯಶಾಸ್ತ್ರದ ಗೈಡುಗಳಲ್ಲಿ ಹದಿನೆಂಟನೇ ಶತಮಾನದ ಚಿಂತಕ ರೂಸೋನ ಒಂದು ಸಾಲು ಮತ್ತೆ ಮತ್ತೆ ಸಿಗುತ್ತದೆ. ಸಾಮಾನ್ಯ ಇಚ್ಛೆಗೆ (ಅಂದರೆ ಎಲ್ಲರ ಒಳಿತನ್ನು ನೋಡುವ ಸಮುದಾಯದ ಇಚ್ಛೆಗೆ) ಮಣಿಯದವನನ್ನು ಬಲವಂತವಾಗಿ ಸ್ವತಂತ್ರನನ್ನಾಗಿ ಮಾಡಲಾಗುತ್ತದೆ, ಅಂತ. ಹುಡುಗರಿಗೆ ತಲೆಬುಡ ಅರ್ಥವಾಗುವುದಿಲ್ಲ, ಸುಮ್ನೆ ಉರು ಹೊಡೆದು ಬರೆದು ಬರುತ್ತಾರೆ. ಸ್ವಲ್ಪ ಚುರುಕಾದವರು 'ಈತ ಸರ್ವಾಧಿಕಾರಿಗಳ ಗುರು' ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಬಲವಂತ ಮಾಡಿದ ಮೇಲೆ ಸ್ವಾತಂತ್ರ್ಯ ಎಲ್ಲಿಂದ ಬರಬೇಕು, ಅಲ್ವಾ?

ತಮಾಷೆ ಅಂದರೆ, ಉತ್ತರ ಅದೇ ಸಾಲಿಗೆ ಅಂಟಿಕೊಂಡೇ ಇದೆ. 1762ರ 'ಸಾಮಾಜಿಕ ಒಪ್ಪಂದ'ದ ಮೊದಲ ಭಾಗ, ಏಳನೇ ಅಧ್ಯಾಯ ತೆಗೆದು ನೋಡಿ. ಬಲವಂತ ಮಾಡುವುದು ಯಾವ ದೊರೆಯೂ ಅಲ್ಲ, ಇಡೀ ಸಮುದಾಯ. ಯಾಕೆ? ಪ್ರತಿಯೊಬ್ಬನನ್ನೂ ಇನ್ನೊಬ್ಬ ವ್ಯಕ್ತಿಯ ಹಂಗಿನಿಂದ ಕಾಯುವ ಷರತ್ತು ಇದೇ, ಎಂದು ಕೂಡಲೇ ಕಾರಣ ಕೊಡುತ್ತಾನೆ. ಗೈಡಿನವರು ಕತ್ತರಿ ಹಾಕಿದ್ದು ಇದಕ್ಕೇ.

ಕೆರೆ ನೀರಿಗೆ ಊರೆಲ್ಲ ಸೇರಿ ಸರದಿ ಗೊತ್ತು ಮಾಡಿದೆ, ಒಬ್ಬ ರಾತ್ರಿ ಹೋಗಿ ತೂಬು ಎತ್ತುತ್ತಾನೆ ಅಂತಿಟ್ಟುಕೊಳ್ಳಿ. ಅವನನ್ನು ತಡೆಯದಿದ್ದರೆ ನಾಳೆಯಿಂದ ಉಳಿದವರೆಲ್ಲ ನೀರಿಗಾಗಿ ಅವನ ಮನೆ ಮುಂದೆ ಕೈಕಟ್ಟಿ ನಿಲ್ಲಬೇಕು, ನಾಡಿದ್ದು ಅವನಿಗಿಂತ ಜೋರಿನವನು ಬಂದರೆ ಅವನದೂ ಅದೇ ಗತಿ. ತಾನೂ ಒಪ್ಪಿದ ಸರದಿಗೆ ಅವನನ್ನು ಎಳೆದು ತಂದರೆ ಯಾರೂ ಯಾರ ಕಾಲೂ ಹಿಡಿಯಬೇಕಿಲ್ಲ. ತಾನೇ ಹಾಕಿಕೊಂಡ ಕಾನೂನಿನಂತೆ ನಡೆಯುವುದೇ ಸ್ವಾತಂತ್ರ್ಯ ಎಂದು ಎಂಟನೇ ಅಧ್ಯಾಯದಲ್ಲಿ ಬಿಡಿಸಿಯೇ ಹೇಳುತ್ತಾನೆ.

ಹಾಗಂತ ಆತನನ್ನು ಒಪ್ಪಲೇಬೇಕು ಎಂದಲ್ಲ. ಸಾಮಾನ್ಯ ಇಚ್ಛೆ ಯಾವುದು ಅಂತ ಹೇಳುವವರು ಯಾರು? ಒಬ್ಬೊಬ್ಬರ ಸ್ವಂತ ಬಯಕೆಗಳನ್ನು ಕೂಡಿಸಿದರೆ ಸಿಗುವ ಎಲ್ಲರ ಇಚ್ಛೆ ಬೇರೆ, ಸಾಮಾನ್ಯ ಇಚ್ಛೆ ಬೇರೆ ಎಂದು ಎರಡನೇ ಭಾಗದಲ್ಲಿ ಆತನೇ ಹೇಳಿ ತೊಡಕು ಜಾಸ್ತಿ ಮಾಡಿದ್ದಾನೆ. 'ನಿನಗೆ ನಿಜವಾಗಿ ಏನು ಬೇಕು ಅಂತ ನಿನಗಿಂತ ನನಗೇ ಗೊತ್ತು' ಎನ್ನುವವರ ಬಗ್ಗೆ ಚಿಂತಕ ಐಸಾಯಾ ಬರ್ಲಿನ್ 1958ರ ಆಕ್ಸ್‌ಫರ್ಡ್ ಉಪನ್ಯಾಸದಲ್ಲಿ ಎಚ್ಚರಿಸಿದ್ದು ಸುಮ್ಮನೆ ಅಲ್ಲ. ಜಗಳ ಆಡುವುದಿದ್ದರೆ ಈ ಜಾಗದಲ್ಲಿ ಆಡಬೇಕು. ಅರ್ಧ ಸಾಲು ಹಿಡಿದುಕೊಂಡು ಆಡಿದರೆ ಏನು ಪ್ರಯೋಜನ?

ಓದುಗರ ಅವಸರ ರೂಸೋಗೂ ಗೊತ್ತಿತ್ತು. ಮೂರನೇ ಭಾಗದ ಶುರುವಿನಲ್ಲೇ, ಇದನ್ನು ನಿಧಾನವಾಗಿ ಓದಿ, ಗಮನ ಕೊಡದವರಿಗೆ ಅರ್ಥ ಮಾಡಿಸುವ ವಿದ್ಯೆ ನನಗಿಲ್ಲ ಎಂದು ಸ್ವಲ್ಪ ಸಿಡುಕಿಯೇ ಬರೆದಿದ್ದಾನೆ.

ಗೈಡು ಬರೆಯುವವರು ದಯವಿಟ್ಟು ಏಳನೇ ಅಧ್ಯಾಯದ ಆ ಇಡೀ ಪ್ಯಾರಾ ಹಾಕಲಿ, ಅರ್ಧ ಪುಟವೂ ಆಗುವುದಿಲ್ಲ. ಪ್ರಶ್ನೆಪತ್ರಿಕೆ ತೆಗೆಯುವವರೂ 'ಈ ಮಾತು ಹೇಳಿದವರು ಯಾರು' ಅಂತ ಕೇಳುವುದು ಬಿಟ್ಟು, ಪ್ಯಾರಾ ಕೊಟ್ಟು 'ಇಲ್ಲಿ ಯಾರು ಯಾರನ್ನು ಬಲವಂತ ಮಾಡುತ್ತಿದ್ದಾರೆ, ಯಾತಕ್ಕೆ' ಎಂದು ಕೇಳಲಿ. ಐದು ಅಂಕ ಇಟ್ಟರೂ ಸಾಕು.

– ಒಬ್ಬ ರಾಜ್ಯಶಾಸ್ತ್ರ ಉಪನ್ಯಾಸಕ, ದಾವಣಗೆರೆ