ಮೊದ್ಲು ಗಂಡನ ಟೆಸ್ಟ್ ಆಗ್ಲಿ

ಸಂಪಾದಕರಿಗೆ ನಮಸ್ಕಾರ,

ನಾನು ದಾವಣಗೆರೆ ಕಡೆ ಒಂದು ತಾಲ್ಲೂಕು ಊರಲ್ಲಿ 15 ವರ್ಷದಿಂದ ಲ್ಯಾಬ್ ಟೆಕ್ನೀಷಿಯನ್. ಮಕ್ಕಳಾಗದೇ ಇರೋದ್ರ ಬಗ್ಗೆ ಪತ್ರಿಕೆಗಳಲ್ಲಿ ಬರೋದೆಲ್ಲ ಹೆಚ್ಚಾಗಿ ಹೆಂಗಸರಿಗೇ ಬರೆದಿರೋದು, ಅದಕ್ಕೇ ಈ ಪತ್ರ.

ನಮ್ಮ ಲ್ಯಾಬಿಗೆ ವೀರ್ಯದ ಸ್ಯಾಂಪಲ್ ಎಷ್ಟೋ ಸಲ ಹೆಂಡ್ತಿನೇ ತಂದುಕೊಡ್ತಾರೆ. ಡಬ್ಬಿನ ಕರ್ಚೀಫಲ್ಲಿ ಸುತ್ತಿ, ಅದರ ಮೇಲೊಂದು ಬಟ್ಟೆ ಅಂಗಡಿ ಕವರು, ತಲೆ ಎತ್ತದೇ ಕೌಂಟರ್ ಮೇಲಿಟ್ಟು "ಅವ್ರು ಹೊರಗೆ ಗಾಡಿ ಹತ್ರ ಇದಾರೆ" ಅಂತಾರೆ. ಅಷ್ಟೊತ್ತಿಗೆ ಆ ಹೆಣ್ಮಗಳಿಗೆ ಥೈರಾಯ್ಡು, ಸ್ಕ್ಯಾನಿಂಗು, ಗರ್ಭನಾಳಕ್ಕೆ ಡೈ ಬಿಟ್ಟು ತೆಗೆಯೋ ಆ ನೋವಿನ ಎಕ್ಸ್‌ರೇ, ನಾಗರಕಟ್ಟೆ ಸುತ್ತೋದು, "ಏನಮ್ಮ ವಿಶೇಷ ಇಲ್ವಾ" ಅಂತ ಕಂಡೋರೆಲ್ಲ ಕೇಳೋದು, ಎಲ್ಲಾ ಆಗಿರುತ್ತೆ. ಆದ್ರೆ ಹೆಚ್ಚುಕಮ್ಮಿ ಅರ್ಧದಷ್ಟು ಕೇಸಲ್ಲಿ ಗಂಡಿನ ಕಡೆಯಿಂದಲೂ ತೊಂದರೆ ಇರುತ್ತೆ, ಇದು ಡಾಕ್ಟರುಗಳಿಗೆಲ್ಲ ಗೊತ್ತಿರೋ ವಿಷಯ. ಕೌಂಟ್, ಅಂದ್ರೆ ವೀರ್ಯಾಣುಗಳ ಸಂಖ್ಯೆ, ಕಮ್ಮಿ ಅಂದ್ರೆ ಗಂಡಸ್ತನ ಕಮ್ಮಿ ಅಂತ ತಿಳ್ಕೊಂಡು ಹೆದರ್ತಾರೆ, ಅವೆರಡೂ ಬೇರೆ ಬೇರೆ ಕಣ್ರಪ್ಪಾ.

ಮುಖ್ಯವಾದ ಮಾತು ಏನಂದ್ರೆ, ಒಂದು ವೀರ್ಯಾಣು ತಯಾರಾಗಿ ಹೊರಗೆ ಬರೋಕೆ ಸುಮಾರು 3 ತಿಂಗಳು ಬೇಕು. ಇವತ್ತು ನಾನು ಸ್ಲೈಡಲ್ಲಿ ನೋಡೋದು ಅವರ ಹೋದ ಮೂರು ತಿಂಗಳ ಬದುಕನ್ನ. ಎರಡು ತಿಂಗಳ ಹಿಂದೆ ಡೆಂಗಿ ಜ್ವರ ಬಂದಿದ್ರೂ ಕೌಂಟ್ ಇಳಿದಿರುತ್ತೆ, ಅದಕ್ಕೆ ಒಂದೇ ರಿಪೋರ್ಟ್ ನೋಡಿ ಕಂಗಾಲಾಗ್ಬೇಡಿ, ಇನ್ನೊಂದು ಸಲ ಮಾಡ್ಸಿ. ಹಾಗೇ ಇವತ್ತು ಗುಟ್ಕಾ ಬಿಟ್ಟು ಮುಂದಿನ ವಾರ ಬಂದು "ಏನೂ ಚೇಂಜ್ ಇಲ್ವಲ್ಲ" ಅಂದ್ರೂ ಆಗಲ್ಲ, ಮೂರು ತಿಂಗಳು ತಡೀರಿ. ಬೀಡಿ ಸಿಗರೇಟು ಸೇದೋದು, ತಂಬಾಕು ಜಗಿಯೋದು, ದಿನಾ ಕುಡಿಯೋದು ಇವು ಸಂಖ್ಯೆಗೂ ಪೆಟ್ಟು, ಓಟಕ್ಕೂ ಪೆಟ್ಟು. ಚೆನ್ನಾಗಿರೋವು ಗೊದಮೊಟ್ಟೆ ಥರ ಬಾಲ ಬಡ್ಕೊಂಡು ಮುಂದೆ ಹೋಗ್ತಿರ್ತವೆ, ಕೆಟ್ಟಿರೋವು ನಿಂತಲ್ಲೇ ನಡುಗ್ತಿರ್ತವೆ, ನೋಡೋಕೆ ನಮಗೇ ಸಂಕಟ ಆಗುತ್ತೆ.

ಆಮೇಲೆ ಬಿಸಿ. ವೃಷಣ ಮೈಗಿಂತ 2ರಿಂದ 4 ಡಿಗ್ರಿ ತಣ್ಣಗಿರ್ಬೇಕು, ಅದಕ್ಕೇ ದೇವರು ಅದನ್ನ ಹೊರಗಿಟ್ಟಿರೋದು. ಹೋಟ್ಲು ಒಲೆ ಮುಂದೆ ನಿಲ್ಲೋರಿಗೆ, ಲಾರಿ ಓಡ್ಸೋರಿಗೆ ಕೆಲಸ ಬಿಡಿ ಅಂತ ಹೇಳೋಕಾಗಲ್ಲ, ಆದ್ರೆ ಆಗಾಗ ಇಳಿದು ಓಡಾಡ್ಬಹುದು, ಸಡಿಲವಾದ ಕಾಟನ್ ಹಾಕ್ಬಹುದು. ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಕೊಳ್ಳೋರು ಟೇಬಲ್ ಮೇಲಿಡಿ ಅಷ್ಟೆ.

ನನಗೆ ಜಾಸ್ತಿ ಚಿಂತೆ ಆಗಿರೋದು ಜಿಮ್ ಹುಡುಗರದ್ದು. ಒಬ್ಬ ಹುಡುಗ ಬಂದಿದ್ದ, ಎದೆ ತೋಳು ನೋಡಿದ್ರೆ ಪೈಲ್ವಾನ್, ಸ್ಲೈಡ್ ಪೂರ್ತಿ ಹುಡುಕಿದ್ರೂ ಒಂದೂ ಇಲ್ಲ, ಸೊನ್ನೆ. ಕೇಳಿದ್ರೆ ಬಾಡಿ ಬರ್ಲಿ ಅಂತ ಟೆಸ್ಟೋಸ್ಟಿರಾನ್ ಅನ್ನೋ ಗಂಡಸರ ಹಾರ್ಮೋನ್ ಇಂಜೆಕ್ಷನ್ ತಗೋತಿದ್ದನಂತೆ. ಹೊರಗಿಂದ ಹಾರ್ಮೋನ್ ಬರ್ತಾ ಇದ್ರೆ ಮೆದುಳು "ಸಾಕಷ್ಟಿದೆ" ಅಂತ ವೃಷಣಕ್ಕೆ ಹೋಗೋ ಸಿಗ್ನಲ್ ನಿಲ್ಸಿಬಿಡುತ್ತೆ, ಅಲ್ಲಿ ಉತ್ಪಾದನೆ ಬಂದ್. ಡಾಕ್ಟ್ರು ಇಂಜೆಕ್ಷನ್ ಬಿಡ್ಸಿದ್ರು. ಎಂಟು ತಿಂಗಳಾದ ಮೇಲೆ ಅವನ ಸ್ಲೈಡಲ್ಲಿ ಮೂರ್ನಾಲ್ಕು ಓಡ್ತಾ ಇರೋದು ಕಂಡಾಗ ನಾನು ಕೂಗಿ ಪಕ್ಕದೋರನ್ನ ಕರೆದಿದ್ದೆ.

ಇನ್ನು ಕೌಂಟ್ ಜಾಸ್ತಿ ಆಗ್ಲಿ ಅಂತ ತಗೊಳ್ಳೋ ಸಾವಿರಾರು ರೂಪಾಯಿ ಪೌಡರು, ಝಿಂಕ್ ಮಾತ್ರೆ. ಅಮೆರಿಕದಲ್ಲಿ 2,000ಕ್ಕೂ ಹೆಚ್ಚು ದಂಪತಿಗಳಲ್ಲಿ ಗಂಡಂದಿರಿಗೆ ಝಿಂಕ್ ಮತ್ತು ಫೋಲಿಕ್ ಆಸಿಡ್ ಕೊಟ್ಟು ನೋಡಿದ ದೊಡ್ಡ ಅಧ್ಯಯನ 2020ರಲ್ಲಿ ಬಂತು, ಮಕ್ಕಳಾಗೋದು ಏನೂ ಜಾಸ್ತಿ ಆಗ್ಲಿಲ್ಲ. ಆ ದುಡ್ಡಲ್ಲಿ ಸೊಪ್ಪು, ಕಾಳು, ಹಣ್ಣು ತನ್ನಿ, ಹೊಟ್ಟೆ ಕರಗೋ ಹಾಗೆ ನಡೀರಿ. ವೆರಿಕೋಸೀಲ್ ಅಂತ ವೃಷಣದ ಹತ್ರದ ರಕ್ತನಾಳ ಊದಿರೋದೂ ಕಾರಣ ಇರಬಹುದು, ಅದು ನಡೆದ್ರೆ ಹೋಗಲ್ಲ, ಡಾಕ್ಟ್ರಿಗೆ ತೋರಿಸ್ಲೇಬೇಕು.

ಆರೋಗ್ಯ ಇಲಾಖೆಯವರಿಗೆ ಒಂದು ಮನವಿ. ಸ್ಯಾಂಪಲ್ ಒಂದು ಗಂಟೆ ಒಳಗೆ ಲ್ಯಾಬ್ ಸೇರ್ಬೇಕು, ಹಳ್ಳಿಯಿಂದ ಬಸ್ಸಲ್ಲಿ ತರೋದ್ರೊಳಗೆ ಹೊತ್ತು ಮೀರಿರುತ್ತೆ. ಲ್ಯಾಬಲ್ಲೇ ಕೊಡಿ ಅಂದ್ರೆ ಎಲ್ಲಿ ಕೊಡ್ತಾರೆ, ಚಿಲಕ ಇಲ್ಲದ, ಹೊರಗೆ ಜನ ಕ್ಯೂ ನಿಂತಿರೋ ಟಾಯ್ಲೆಟ್ಟಲ್ಲಾ? ಪ್ರತಿ ತಾಲ್ಲೂಕು ಆಸ್ಪತ್ರೆ ಲ್ಯಾಬಲ್ಲಿ ಒಂದು ಸಣ್ಣ ರೂಮು, ಒಳಗಿಂದ ಹಾಕ್ಕೊಳ್ಳೋ ಚಿಲಕ, ಒಂದು ನಲ್ಲಿ, ಇಷ್ಟು ಮಾಡ್ಸಿಕೊಡಿ. ಗಾಡಿ ಹತ್ರ ನಿಂತಿರೋ ಗಂಡ ಒಳಗೆ ಬರ್ತಾನೆ.

– ಒಬ್ಬ ಲ್ಯಾಬ್ ಟೆಕ್ನೀಷಿಯನ್, ದಾವಣಗೆರೆ ಜಿಲ್ಲೆ