ಉಪ್ಪುನೀರಿನ ಅಕ್ವೇರಿಯಂನಲ್ಲಿ ಮರಳಿನ ಮೇಲೆ ನಿಲ್ಲಿಸಿದ ಕಲ್ಲಿನ ಜೋಡಣೆ ಕುಸಿದ ಬಗ್ಗೆ ದೂರು

ಇವರಿಂದ:
ತಮ್ಮ ಗ್ರಾಹಕಿ, ಜಯನಗರ, ಬೆಂಗಳೂರು

ಇವರಿಗೆ:
ವ್ಯವಸ್ಥಾಪಕರು, ಅಕ್ವೇರಿಯಂ ಅಳವಡಿಕೆ ಮತ್ತು ನಿರ್ವಹಣೆ ವಿಭಾಗ, ಬೆಂಗಳೂರು

ವಿಷಯ: ಕಲ್ಲಿನ ಜೋಡಣೆಯಲ್ಲಿನ ಲೋಪ, ಅದರಿಂದಾದ ಹಾನಿ ಮತ್ತು ಪರಿಹಾರದ ಕುರಿತು

ಮಾನ್ಯರೇ,

ಎಂಟು ತಿಂಗಳ ಹಿಂದೆ ತಮ್ಮ ಸಿಬ್ಬಂದಿ ನಮ್ಮ ಮನೆಯ ಹಾಲ್‌ನಲ್ಲಿ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ ಮತ್ತು ಎರಡು ಅಡಿ ಎತ್ತರದ ಉಪ್ಪುನೀರಿನ ಅಕ್ವೇರಿಯಂ ಅಳವಡಿಸಿಕೊಟ್ಟರು. ತೊಟ್ಟಿ, ಸ್ಟ್ಯಾಂಡ್, ಸಂಪ್ (ನೀರು ಶೋಧಿಸುವ ಕೆಳಗಿನ ಪೆಟ್ಟಿಗೆ), ಸ್ಕಿಮ್ಮರ್ (ನೊರೆಯ ಮೂಲಕ ನೀರಿನ ಕಲ್ಮಶ ತೆಗೆಯುವ ಉಪಕರಣ), 48 ಕೆ.ಜಿ. ಕಲ್ಲು ಮತ್ತು ಜೋಡಣೆಯ ಕೂಲಿ ಸೇರಿ ರೂ. 1,92,000 ಪಾವತಿಸಿದ್ದೇನೆ. ಬಿಲ್ಲಿನ ಪ್ರತಿಯನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ.

ಕಳೆದ ಮಂಗಳವಾರ ರಾತ್ರಿ ಎರಡೂವರೆಯ ಸುಮಾರಿಗೆ ಹಾಲ್‌ನಿಂದ ಟ್ರಂಕು ಎಳೆದಂಥ ಶಬ್ದ ಕೇಳಿ ಎದ್ದು ಬಂದೆ. ದೀಪ ಹಾಕಿ ನೋಡಿದರೆ ತೊಟ್ಟಿಯೊಳಗಿನ ಎಡಗಡೆಯ ಕಲ್ಲಿನ ಕಮಾನು ಪೂರ್ತಿ ಕುಸಿದಿತ್ತು. ಅದರ ತುದಿಯಲ್ಲಿದ್ದ ಕಲ್ಲು ಮುಂದಿನ ಗಾಜಿಗೆ ಒರಗಿ ನಿಂತಿತ್ತು. ಹೊರತೆಗೆದು ತೂಗಿದಾಗ ಅದು ಆರು ಕೆ.ಜಿ. ಇತ್ತು. ಅದು ಜಾರಿದ ಜಾಗದಲ್ಲಿ ಗಾಜಿನ ಒಳಮೈಗೆ ಒಂದು ಗೇಣು ಉದ್ದದ ಗೀರು ಬಿದ್ದಿದ್ದು, ಉಗುರು ಆಡಿಸಿದರೆ ತಡೆಯುವಷ್ಟು ಆಳವಾಗಿದೆ. ಆ ಗಾಜು ಒಡೆದಿದ್ದರೆ ಸುಮಾರು 400 ಲೀಟರ್ ಉಪ್ಪುನೀರು, ಎಂಟಡಿ ದೂರದಲ್ಲಿ ನೆಲದ ಮೇಲೆ ಹಾಸಿಗೆ ಹಾಕಿ ಮಲಗಿದ್ದ ನಮ್ಮ ಅತ್ತೆಯವರ ಮೇಲೂ ಗೋಡೆಯ ಕೆಳಗಿನ ಪ್ಲಗ್ ಪಾಯಿಂಟಿಗೂ ನುಗ್ಗುತ್ತಿತ್ತು. ಇದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಮರುದಿನ ಕರೆ ಮಾಡಿದಾಗ, ಮರಳು ತೋಡುವ ಜೀವಿಗಳಿಂದ ಆದ ಹಾನಿ ವಾರಂಟಿಗೆ ಬರುವುದಿಲ್ಲವೆಂದೂ, ಕಲ್ಲುಗಳನ್ನು ನಾವೇ ಮತ್ತೆ ಇಟ್ಟುಕೊಳ್ಳಬಹುದೆಂದೂ ತಮ್ಮ ಕಚೇರಿಯಿಂದ ಉತ್ತರ ಬಂತು. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಮರಳು ತೋಡುವ ಆ ಪಿಸ್ಟಲ್ ಸೀಗಡಿಯನ್ನೂ ಅದರ ಜೊತೆಗಾರ ಗೋಬಿ ಮೀನನ್ನೂ ನಮಗೆ ಮಾರಿದವರು ತಾವೇ. ತೊಟ್ಟಿ ಸಿದ್ಧವಾದ ಮೂರನೆಯ ತಿಂಗಳು, ನಿರ್ವಹಣೆಗೆ ಬಂದ ತಮ್ಮ ತಂತ್ರಜ್ಞರು ಈ ಜೋಡಿ ನೋಡಲು ಚೆನ್ನಾಗಿರುತ್ತದೆ ಎಂದು ಸಲಹೆ ಕೊಟ್ಟು ತಂದುಬಿಟ್ಟರು. ಕಲ್ಲು ಮರಳಿನ ಮೇಲೆ ನಿಂತಿದೆ ಎಂಬುದು, ಅದನ್ನು ತಮ್ಮ ಕೈಯಾರೆ ನಿಲ್ಲಿಸಿದ ಅವರಿಗೆ ಗೊತ್ತಿರಲಿಲ್ಲವೇ?

ಜೋಡಣೆಯ ದಿನ ನಾನು ಮನೆಯಲ್ಲೇ ಇದ್ದೆ. ಮೊಬೈಲಿನಲ್ಲಿ ಚಿತ್ರೀಕರಿಸಿಯೂ ಇದ್ದೇನೆ. ತೊಟ್ಟಿಯ ತಳಕ್ಕೆ ಮೊದಲು ಎರಡು ಅಂಗುಲ ಮರಳು ಹರಡಿ, ಅದರ ಮೇಲೆ ಕಲ್ಲು ಪೇರಿಸಿದ್ದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕಲ್ಲು ಅಲುಗಾಡುತ್ತಿದೆಯಲ್ಲ ಎಂದು ನಾನು ಕೇಳಿದಾಗ, ಭಾರಕ್ಕೆ ತಾನಾಗಿಯೇ ಕೂರುತ್ತದೆ ಎಂದರು. ಆಮೇಲೆ ಓದಿ, ಅನುಭವವಿದ್ದವರನ್ನು ಕೇಳಿ ನಾನು ತಿಳಿದುಕೊಂಡದ್ದು ಇದಕ್ಕೆ ತದ್ವಿರುದ್ಧವಾಗಿದೆ. ತಳದ ಕಲ್ಲುಗಳು ತೊಟ್ಟಿಯ ತಳದ ಗಾಜಿನ ಮೇಲೆ ಅಥವಾ ಅದರ ಮೇಲೆ ಹಾಸಿದ ಪ್ಲಾಸ್ಟಿಕ್ ಜಾಲರಿಯ ಮೇಲೆ ನೇರವಾಗಿ ಕೂರಬೇಕು; ಅಗಲ ತಳದ ದೊಡ್ಡ ಕಲ್ಲುಗಳು ಕೆಳಗಿದ್ದು, ಮೇಲಿನ ಪ್ರತಿಯೊಂದು ಕಲ್ಲೂ ಕನಿಷ್ಠ ಮೂರು ಕಡೆ ಆಸರೆ ಪಡೆದು, ನೀರು ತುಂಬುವ ಮೊದಲೇ ಕೈಯಿಂದ ಒತ್ತಿದರೂ ಕದಲದಂತಿರಬೇಕು; ಮರಳು ಬರಬೇಕಾದದ್ದು ಇದೆಲ್ಲ ಆದ ಮೇಲೆ. ಹೀಗಿದ್ದರೆ ಸೀಗಡಿ ಎಷ್ಟು ತೋಡಿದರೂ ಬುಡ ಸಡಿಲವಾಗುವುದಿಲ್ಲ. ಇದರ ಮೇಲೆ, ಕಮಾನಿನ ಕಲ್ಲುಗಳನ್ನು ಎಪಾಕ್ಸಿ ಅಂಟಿನಿಂದ ಬೆಸೆಯಲು ತಮ್ಮ ಬಿಲ್ಲಿನಲ್ಲಿ ರೂ. 3,500 ಪ್ರತ್ಯೇಕವಾಗಿ ಹಾಕಲಾಗಿದೆ. ಬಿದ್ದ ಐದೂ ಕಲ್ಲುಗಳನ್ನು ಹೊರತೆಗೆದು, ತಿರುವಿ ತಿರುವಿ ನೋಡಿದ್ದೇನೆ. ಒಂದರ ಮೇಲೂ ಎಪಾಕ್ಸಿಯ ಗುರುತಿಲ್ಲ.

ಗೋಬಿ ಮೀನು ಕಲ್ಲಿನಡಿ ಸಿಕ್ಕಿ ಸತ್ತಿತು. ಆ ಸೀಗಡಿಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಬಿಲದಿಂದ ಮರಳು ಹೊತ್ತು ಹೊರಗೆ ಹಾಕುವಾಗಲೆಲ್ಲ ಒಂದು ಮೀಸೆಯನ್ನು ಗೋಬಿಯ ಮೈಗೆ ತಾಗಿಸಿಕೊಂಡೇ ಇರುತ್ತಿತ್ತು. ಅಪಾಯ ಕಂಡರೆ ಗೋಬಿ ಬಾಲ ಅದುರಿಸುತ್ತಿತ್ತು, ಸೀಗಡಿ ಒಳಗೆ ಸರಿಯುತ್ತಿತ್ತು. ಈಗ ಅದು ಬಿಲದ ಬಾಯಿಯ ತನಕ ಬಂದು ಮೀಸೆಯಾಡಿಸಿ ಹಿಂದಕ್ಕೆ ಹೋಗುತ್ತದೆ. ಮೀನಿನ ಬೆಲೆ ಬಿಲ್ಲಿನಲ್ಲಿದೆ. ನನ್ನ ಮಗಳು ದಿನವೂ ಶಾಲೆಯಿಂದ ಬಂದು ಕುರ್ಚಿ ಎಳೆದುಕೊಂಡು ನೋಡುತ್ತಿದ್ದದ್ದು ಬಿಲ್ಲಿನಲ್ಲಿಲ್ಲ.

ಕುಸಿತದಿಂದ ಇನ್ನೊಂದು ಲೋಪವೂ ಬಯಲಾಯಿತು. ಕಲ್ಲುಗಳನ್ನು ಹಿಂಬದಿಯ ಗಾಜಿಗೆ ಒತ್ತಿ ಗೋಡೆಯಂತೆ ಪೇರಿಸಿದ್ದರಿಂದ ಹಿಂದೆ ನೀರು ಓಡಾಡಲು ಜಾಗವೇ ಇರಲಿಲ್ಲ. ನೀರನ್ನು ಅಲೆಯಾಡಿಸುವ ವೇವ್‌ಮೇಕರ್ ಎಷ್ಟು ತಿರುಗಿದರೂ ಉಳಿದ ಆಹಾರ ಮತ್ತು ಹಿಕ್ಕೆ ಅಲ್ಲೇ ಸೇರಿಕೊಂಡಿವೆ. ಬಿದ್ದ ಕಲ್ಲುಗಳನ್ನು ಎತ್ತಿದಾಗ ಅಡಿಯ ಮರಳು ಕಪ್ಪಾಗಿದ್ದು, ಕೊಳೆತ ಮೊಟ್ಟೆಯ ವಾಸನೆ ಬಂತು. ಉಪ್ಪುನೀರಿನ ತೊಟ್ಟಿಯಲ್ಲಿ ಕಲ್ಲು ಬರಿಯ ಅಲಂಕಾರವಲ್ಲ. ಹಿಕ್ಕೆ ಮತ್ತು ಕೊಳೆತ ಆಹಾರದಿಂದ ಹುಟ್ಟುವ ವಿಷಕಾರಿ ಅಮೋನಿಯವನ್ನು ನೈಟ್ರೈಟ್ ಆಗಿಯೂ ಅದನ್ನು ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾಗಳು ನೆಲೆಸುವುದು ಅದರ ರಂಧ್ರಗಳಲ್ಲೇ, ಮತ್ತು ಅವು ಬದುಕಲು ಆಮ್ಲಜನಕವಿರುವ ನೀರು ಕಲ್ಲಿನ ಸುತ್ತ ಹರಿಯಬೇಕು. ಪ್ರತಿ ತಿಂಗಳೂ ನೈಟ್ರೇಟ್ ಏರುತ್ತಿದೆ ಎಂದು ನಾನು ಹೇಳಿದಾಗಲೆಲ್ಲ ಮೀನಿಗೆ ಆಹಾರ ಕಡಿಮೆ ಹಾಕಿ ಎಂಬ ಉತ್ತರ ಬಂತೇ ಹೊರತು, ಯಾರೂ ಕಲ್ಲಿನ ಹಿಂದೆ ಇಣುಕಿ ನೋಡಲಿಲ್ಲ. ಕುಸಿತದ ನಂತರ ಎರಡು ದಿನ ಅಮೋನಿಯ 0.5 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ ಅರ್ಧ ಭಾಗ) ತೋರಿಸಿತು. ಪಿಎಚ್ 8ಕ್ಕಿಂತ ಹೆಚ್ಚಿರುವ ನೀರಿನಲ್ಲಿ ಅಷ್ಟೂ ಅಪಾಯವೇ. ಎರಡು ಬಾರಿ ನೀರು ಬದಲಿಸಿ ಉಳಿದ ಕ್ಲೌನ್ ಮೀನುಗಳನ್ನು ಉಳಿಸಿಕೊಂಡಿದ್ದೇನೆ.

ಕಲ್ಲಿನ ಮೂಲದ ಬಗ್ಗೆಯೂ ಕೇಳಲೇಬೇಕಾಗಿದೆ. ಹೊರತೆಗೆದ ಎರಡು ಕಲ್ಲುಗಳ ಮೇಲೆ ಸಾಲುಸಾಲಾಗಿ ನಕ್ಷತ್ರದಾಕಾರದ ಸಣ್ಣ ಗುಳಿಗಳಿವೆ. ನೋಡಿದರೆ ಹವಳದ ಅಸ್ಥಿಪಂಜರದಂತೆ ಕಾಣುತ್ತವೆ. ಕಲ್ಲುಹವಳಗಳನ್ನು 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲನೆಯ ಅನುಸೂಚಿಗೆ ಸೇರಿಸಲಾಗಿದೆ. ಸತ್ತ ಹವಳದ ವ್ಯಾಪಾರಕ್ಕೂ ಅವಕಾಶವಿಲ್ಲ. ಹಳೆಯ ಸುಣ್ಣಕಲ್ಲಿನಲ್ಲೂ ಇಂಥ ಗುರುತುಗಳಿರಬಹುದಾದ್ದರಿಂದ ನಾನು ಆರೋಪ ಮಾಡುತ್ತಿಲ್ಲ. ಆದರೆ ಬಿಲ್ಲಿನಲ್ಲಿ ‘ಅಲಂಕಾರಿಕ ಕಲ್ಲು’ ಎಂದಷ್ಟೇ ಇದೆ. ಅದು ಎಲ್ಲಿಂದ ಬಂತು ಎಂಬುದಕ್ಕೆ ಖರೀದಿ ದಾಖಲೆ ಸಹಿತ ಲಿಖಿತ ಉತ್ತರ ಬೇಕು.

ಆದ್ದರಿಂದ ತಮ್ಮ ಹಿರಿಯ ತಂತ್ರಜ್ಞರೊಬ್ಬರು ಬಂದು, ಜೀವಿಗಳನ್ನು ಬಿಸಿಯೂ ಗಾಳಿಯೂ ಇರುವ ಬೇರೆ ಪಾತ್ರೆಗೆ ವರ್ಗಾಯಿಸಿ, ಇಡೀ ಜೋಡಣೆಯನ್ನು ಬಿಚ್ಚಿ, ಹಿಂಬದಿಯ ಗಾಜಿನಿಂದ ಕನಿಷ್ಠ ಒಂದು ಕೈ ಆಡುವಷ್ಟು ಅಂತರ ಬಿಟ್ಟು, ತಳದ ಗಾಜಿನಿಂದಲೇ ಆರಂಭಿಸಿ ಹೊಸದಾಗಿ ಕಟ್ಟಿಕೊಡಬೇಕೆಂದು ಕೋರುತ್ತೇನೆ. ಕಲ್ಲುಗಳನ್ನು ಬಿಸಿಲಿನಲ್ಲಿ ಒಣಗಲು ಬಿಡದೆ ತೊಟ್ಟಿಯ ನೀರಿನಲ್ಲೇ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಎಂಟು ತಿಂಗಳಲ್ಲಿ ಬೆಳೆದ ಬ್ಯಾಕ್ಟೀರಿಯಾಗಳೂ ಹೋಗುತ್ತವೆ. ಗೀರು ಬಿದ್ದ ಗಾಜನ್ನು ಬದಲಿಸಬೇಕು, ಮಾಡದ ಎಪಾಕ್ಸಿ ಕೆಲಸದ ಹಣವನ್ನೂ ಮೀನಿನ ಬೆಲೆಯನ್ನೂ ಹಿಂದಿರುಗಿಸಬೇಕು.

ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಸೇವಾ ನ್ಯೂನತೆಯ ದೂರನ್ನು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಸಲ್ಲಿಸುತ್ತೇನೆ. ಬಿಲ್ಲು, ವಿಡಿಯೋ, ಗೀರಿನ ಛಾಯಾಚಿತ್ರ ಮತ್ತು ನೀರಿನ ಪರೀಕ್ಷೆಯ ಟಿಪ್ಪಣಿ ನನ್ನ ಬಳಿ ಇವೆ. ಬಿದ್ದ ಐದು ಕಲ್ಲುಗಳನ್ನು ಉಪ್ಪುನೀರಿನ ಡ್ರಮ್ಮಿನಲ್ಲಿ ಹಾಗೆಯೇ ಇಟ್ಟಿದ್ದೇನೆ. ತಮ್ಮವರು ಬಂದು ಪರಿಶೀಲಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ತಮ್ಮ ಗ್ರಾಹಕಿ