ತಗಡಿನ ಆಚೆ ಬದಿಯಲ್ಲಿ ಕೈಯಿಟ್ಟವರಿಗೆ

ಕಳೆದ ಭಾನುವಾರ ಬೆಳಿಗ್ಗೆ ನಾವೇ ಮನೆಯಲ್ಲಿ ಕಟ್ಟಿದ ವಿಮಾನದ ದಾಖಲೆ ಪುಸ್ತಕದಲ್ಲಿ ಪರೀಕ್ಷಾ ಹಾರಾಟದ ಕೊನೆಯ, 40ನೆಯ ಗಂಟೆಯನ್ನು ನಮೂದಿಸಿ ಸಹಿ ಹಾಕಿದೆ. ಒಹಾಯೊ ರಾಜ್ಯದ ಡೇಟನ್ ಸಮೀಪವಿರುವ ನಮ್ಮ ಮನೆಯ ಗ್ಯಾರೇಜಿಗೆ ಬಾಲದ ಭಾಗಗಳ ಮೊದಲ ಪೆಟ್ಟಿಗೆ ಬಂದಿಳಿದದ್ದು 2016ರ ನವೆಂಬರಿನಲ್ಲಿ. ಅಂದಿನಿಂದ ಇಂದಿನವರೆಗೆ ನೆರವಾದ ಎಲ್ಲರಿಗೂ ಬಾಯಿಮಾತಿನಲ್ಲಿ ಕೃತಜ್ಞತೆ ಹೇಳಿದ್ದೇನಾದರೂ, ಯಾರು ಏನು ಮಾಡಿದರೆಂಬುದು ಒಂದು ಕಡೆ ಬರಹದಲ್ಲಿ ಇರಬೇಕೆನಿಸಿದೆ. ಹೆಸರು ಹಾಕಬಾರದೆಂದು ಹಲವರು ಕೇಳಿಕೊಂಡದ್ದರಿಂದ ಯಾರ ಹೆಸರನ್ನೂ ಬರೆದಿಲ್ಲ. ಓದಿದವರಿಗೆ ತಮ್ಮ ಗುರುತು ತಾವೇ ಸಿಗುತ್ತದೆ.

ಪೆಟ್ಟಿಗೆಗಳಲ್ಲಿ ಬರುವ ಬಿಡಿಭಾಗಗಳ ಕಿಟ್‌ನಿಂದ ವಿಮಾನ ಕಟ್ಟುವುದೆಂದರೆ ಏನು ಎಂದು ಊರಿನ ನೆಂಟರು ಇಂದಿಗೂ ಕೇಳುವ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಕಿಟ್ ಎಂದರೆ ಆಟಿಕೆಯಂತೆ ಒಂದಕ್ಕೊಂದು ಸಿಕ್ಕಿಸುವುದಲ್ಲ. ನಾವು ಕಟ್ಟಿದ್ದು ಆರೆಗನ್ ರಾಜ್ಯದ ಅರೋರಾದಲ್ಲಿರುವ ವ್ಯಾನ್ಸ್ ಏರ್‌ಕ್ರಾಫ್ಟ್ ಸಂಸ್ಥೆಯ ಆರ್‌ವಿ-9ಎ, ಇಬ್ಬರು ಅಕ್ಕಪಕ್ಕ ಕೂರುವ ಅಲ್ಯೂಮಿನಿಯಮ್ ವಿಮಾನ. ಪೆಟ್ಟಿಗೆಯಲ್ಲಿ ಬರುವುದು ಕತ್ತರಿಸಿದ ತಗಡು, ರೆಕ್ಕೆಗೆ ಆಕಾರ ಕೊಡುವ ಮಡಿಸಿದ ಪಕ್ಕೆಲುಬುಗಳು, ತಗಡುಗಳನ್ನು ಕೂಡಿಸುವ ಮೊಳೆಯಂಥ ರಿವೆಟ್‌ಗಳು ಚೀಲಗಟ್ಟಲೆ, ಮತ್ತು ನಕ್ಷೆಗಳು. ಅಮೆರಿಕದ ಕಾನೂನಿನ ಪ್ರಕಾರ, ಇಂಥ ವಿಮಾನದ ಅರ್ಧಕ್ಕಿಂತ ಹೆಚ್ಚಿನ ಕೆಲಸವನ್ನು ತಮ್ಮ ಕಲಿಕೆಗಾಗಿ ಅಥವಾ ಸಂತೋಷಕ್ಕಾಗಿ ಮಾಡುವವರೇ ಮಾಡಿರಬೇಕು. ಇದನ್ನೇ ಇಲ್ಲಿಯವರು 51 ಪ್ರತಿಶತದ ನಿಯಮವೆನ್ನುತ್ತಾರೆ. ಹಣ ಕೊಟ್ಟು ಮಾಡಿಸಿದ ಕೆಲಸ ಆ ಲೆಕ್ಕಕ್ಕೆ ಸೇರುವುದಿಲ್ಲ, ಪ್ರೀತಿಗೆ ಬಂದು ಮಾಡಿದವರ ಕೆಲಸ ಸೇರುತ್ತದೆ. ಸರ್ಕಾರಿ ನಿಯಮಗಳಲ್ಲಿ ನನಗೆ ಇಷ್ಟೊಂದು ಹಿಡಿಸಿದ ನಿಯಮ ಬೇರೊಂದಿಲ್ಲ.

ಮೊದಲ ಕೃತಜ್ಞತೆ ನನ್ನ ಹೆಂಡತಿಗೆ. ರೆಕ್ಕೆಯ ಹೊರತಗಡನ್ನು ಪಕ್ಕೆಲುಬುಗಳಿಗೆ ಕೂಡಿಸುವ ರಿವೆಟ್‌ನ ಕಾಂಡ 3/32 ಇಂಚು ದಪ್ಪವಿರುತ್ತದೆ. ಹೊರಗಿನಿಂದ ಒಬ್ಬರು ಗಾಳಿಯ ಒತ್ತಡದಲ್ಲಿ ಓಡುವ ರಿವೆಟ್ ಗನ್ನನ್ನು ತಲೆಗೆ ಒತ್ತಿ ಬಡಿಯುವಾಗ, ಒಳಗಿನಿಂದ ಇನ್ನೊಬ್ಬರು ಬಕಿಂಗ್ ಬಾರ್ ಎಂಬ ಭಾರವಾದ ಉಕ್ಕಿನ ತುಂಡನ್ನು ಅದರ ಬಾಲಕ್ಕೆ ಹಿಡಿದಿರಬೇಕು. ಬಾಲವು ಹಿಗ್ಗಿ ಅದರ ಅಗಲ ಕಾಂಡದ ಒಂದೂವರೆ ಪಟ್ಟು, ಎತ್ತರ ಕಾಂಡದ ಅರ್ಧದಷ್ಟು ಆದರೆ ಸರಿ. ಬಾರ್ ಒಂದಿಷ್ಟು ಓರೆಯಾದರೂ ಆ ರಿವೆಟ್ಟನ್ನು ಕೊರೆದು ತೆಗೆದು, ಹೊಸದನ್ನು ಹಾಕಬೇಕು. ಗನ್ ಹಿಡಿದವನಿಗೆ ಕಾಣುವುದು ನುಣುಪಾದ ತಲೆ ಮಾತ್ರ. ಆ ರಿವೆಟ್ ನಿಂತಿತೋ ಇಲ್ಲವೋ ಎಂದು ಹೇಳಬಲ್ಲವರು ಆಚೆ ಬದಿಯಲ್ಲಿರುವವರೇ. ಇಡೀ ವಿಮಾನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ರಿವೆಟ್‌ಗಳಿವೆ. ಅವುಗಳಲ್ಲಿ ಕೆಲವನ್ನು ಕೈ ಒತ್ತುಯಂತ್ರದಿಂದ ನಾನೊಬ್ಬನೇ ಕೂಡಿಸಿದೆನಾದರೂ, ಉಳಿದವುಗಳಲ್ಲಿ ಬಹುಪಾಲಿಗೆ ಆಸ್ಪತ್ರೆಯ ಕೆಲಸ ಮುಗಿಸಿ ಬಂದ ಆಕೆ, ರೆಕ್ಕೆಯ ಒಳಗೆ ಭುಜದವರೆಗೆ ಕೈ ತೂರಿಸಿ, ಕಣ್ಣಿಗೆ ಕಾಣದ್ದನ್ನು ಬೆರಳಿನಲ್ಲೇ ತಡವಿ ಬಾರ್ ಹಿಡಿದಿದ್ದಾಳೆ. ನಮ್ಮಿಬ್ಬರ ನಡುವೆ ಮೂರೇ ಮಾತುಗಳಿದ್ದವು: "ಸರಿ", "ಇನ್ನೊಂದ್ಸಲ", "ತೆಗೀರಿ". ಮೂರನೆಯದನ್ನು ಆಕೆ ಎಂದೂ ಸಂಕೋಚದಿಂದ ನುಂಗಿಕೊಳ್ಳಲಿಲ್ಲ. ಅದಕ್ಕೇ ನನಗೆ ಈ ರೆಕ್ಕೆಗಳ ಮೇಲೆ ನಂಬಿಕೆ.

2018ರಲ್ಲಿ ಆರು ತಿಂಗಳು ನಮ್ಮೊಡನಿದ್ದ ಅಮ್ಮ, ಮೊದಲ ಸಂಜೆ ಗ್ಯಾರೇಜಿನ ಸದ್ದು ಕೇಳಿ ಬಾಗಿಲಿಗೆ ಬಂದು, "ಅಮೆರಿಕಕ್ಕೆ ಬಂದ್ರೂ ಕಂಚುಗಾರರ ಬೀದಿ ತಪ್ಪಲಿಲ್ವಲ್ಲಪ್ಪ ನಂಗೆ" ಎಂದರು. ನಮ್ಮದು ನಾಗಮಂಗಲ, ಲೋಹದ ಪಾತ್ರೆ, ವಿಗ್ರಹಗಳಿಗೆ ಹೆಸರಾದ ಊರು. ಆ ಆರು ತಿಂಗಳೂ ಅಡಿಗೆಮನೆಯನ್ನು ಅವರೇ ನೋಡಿಕೊಂಡದ್ದರಿಂದ ಎರಡೂ ರೆಕ್ಕೆಗಳ ಅಸ್ಥಿಪಂಜರ ಎದ್ದು ನಿಂತಿತು. ರೆಕ್ಕೆಯ ಕೆಳತಗಡನ್ನು ಮುಚ್ಚುವ ಮೊದಲು ನೆರವಾದವರೆಲ್ಲ ಒಳಬದಿಯಲ್ಲಿ ಸಹಿ ಮಾಡುವ ರೂಢಿ ಇಲ್ಲಿ ಕೆಲವರಲ್ಲಿದೆ. ಸೀಸದ ಕಡ್ಡಿಯ ಗೆರೆಯಿಂದ ಅಲ್ಯೂಮಿನಿಯಮ್ಮಿಗೆ ತುಕ್ಕು ಹಿಡಿಯುವುದರಿಂದ ಮಾರ್ಕರ್ ಪೆನ್ನನ್ನೇ ಬಳಸಬೇಕು. ಅಮ್ಮನ ಕೈಗೆ ಪೆನ್ನು ಕೊಟ್ಟರೆ ಅವರು ತಮ್ಮ ಹೆಸರಿನ ಬದಲು "ಶ್ರೀ ಸೌಮ್ಯಕೇಶವ ಪ್ರಸನ್ನ" ಎಂದು ಬರೆದರು. ಮುಂದೊಂದು ದಿನ ತಪಾಸಣೆಯ ಕಿಂಡಿಯಲ್ಲಿ ಇಣುಕಿದ ಹಿರಿಯರೊಬ್ಬರು, ಇದು ಯಾವ ಬಿಡಿಭಾಗದ ಸಂಖ್ಯೆ ಎಂದು ನಕ್ಷೆಯಲ್ಲಿ ಹುಡುಕತೊಡಗಿದ್ದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವರು ನಕ್ಕ ನಗು ಇನ್ನೂ ಕಿವಿಯಲ್ಲಿದೆ.

ಪಕ್ಕದ ಮನೆಯ ಹಿರಿಯರ ಋಣವನ್ನು ಬರೆಯುವುದು ಕಷ್ಟ. ವಿಮಾನ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತರಾದ ಅವರು ಮೊದಲ ವರ್ಷ ಬೇಲಿಯಾಚೆಯಿಂದ ನೋಡುತ್ತಿದ್ದರೇ ಹೊರತು ಕೇಳದೆ ಒಂದು ಸಲಹೆಯನ್ನೂ ಕೊಡಲಿಲ್ಲ. ಅವರು ಒಳಗೆ ಬಂದದ್ದು ಎಡರೆಕ್ಕೆಯ ಇಂಧನದ ಟ್ಯಾಂಕು ಸೋರಿದಾಗ. ಈ ವಿಮಾನದಲ್ಲಿ ರೆಕ್ಕೆಯ ಮುಂಗಡೆಯ ಭಾಗವೇ ಟ್ಯಾಂಕು. ಒಂದೊಂದು ಬದಿಗೆ 18 ಗ್ಯಾಲನ್, ಅಂದರೆ ಸುಮಾರು 68 ಲೀಟರ್. ಅದರ ಪ್ರತಿಯೊಂದು ಸಂದಿಗೂ ರಿವೆಟ್ಟಿಗೂ ಕೊಳೆತ ಮೊಟ್ಟೆಯ ನಾತದ ಅಂಟು ಬಳಿಯಬೇಕು. ಅವಸರದಲ್ಲಿ, ಚಳಿಗೆ ಗಟ್ಟಿಯಾಗಿದ್ದ ಅಂಟನ್ನು ನಾನು ತೆಳ್ಳಗೆ ಎಳೆದಿದ್ದೆ. ತೂತುಗಳನ್ನೆಲ್ಲ ಮುಚ್ಚಿ, ಗಾಳಿ ತುಂಬಿ, ಒತ್ತಡ ತಿಳಿಯಲು ಕಟ್ಟಿದ ಬಲೂನು ಮರುದಿನ ಬೆಳಿಗ್ಗೆ ಬಾಡಿದ ಬದನೆಕಾಯಿಯಂತೆ ಜೋತುಬಿದ್ದಿತ್ತು. ಸೋಪಿನ ನೀರು ಹಚ್ಚಿ ನೋಡಿದರೆ ಗುಳ್ಳೆ ಏಳುತ್ತಿದ್ದುದು ಒಂದು ಕಡೆ ಅಲ್ಲ, ಐದು ಕಡೆ. ನಾನು ಟ್ಯಾಂಕನ್ನು ಎಸೆದು ಹೊಸದನ್ನು ತರಿಸಲು ಹೊರಟಿದ್ದೆ. ಅವರು ಬಂದು ನೋಡಿ, ಸೋರುವುದಾದರೆ ಗ್ಯಾರೇಜಿನಲ್ಲೇ ಸೋರಲಿ ಎಂದಷ್ಟೇ ಹೇಳಿ, ಹಿಂಬದಿಯ ತಡೆತಗಡಿನಲ್ಲಿ ಕೈ ಹೋಗುವಷ್ಟು ಕಿಂಡಿ ಕೊರೆದು, ಹಳೆಯ ಅಂಟನ್ನು ಕೆರೆದು ಹೊಸದಾಗಿ ಬಳಿದು, ಮೇಲೊಂದು ಮುಚ್ಚಳ ಕೂಡಿಸುವುದನ್ನು ಮೂರು ವಾರಾಂತ್ಯಗಳಲ್ಲಿ ಕಲಿಸಿದರು. ಬಳಿದದ್ದು ನಾನೇ, ಅವರು ದೀಪ ಹಿಡಿದಿದ್ದರು. ಎರಡನೆಯ ಬಲೂನು ನಾಲ್ಕು ದಿನ ಬಿಗಿಯಾಗಿ ನಿಂತಿತು.

2020ರ ಏಪ್ರಿಲಿನಲ್ಲಿ ಅಪ್ಪ ತೀರಿಕೊಂಡರು. ಭಾರತಕ್ಕೆ ಅಂತರರಾಷ್ಟ್ರೀಯ ವಿಮಾನಗಳು ನಿಂತಿದ್ದ ದಿನಗಳವು. ಮನೆಯಲ್ಲಿ ವಿಮಾನ ಕಟ್ಟುತ್ತಿದ್ದವನಿಗೆ ಊರಿಗೆ ಹೋಗಲು ಒಂದು ವಿಮಾನ ಸಿಗಲಿಲ್ಲ. ತಮ್ಮ ಮಾಡಿದ ಕಾರ್ಯವನ್ನು ಫೋನಿನ ಪರದೆಯಲ್ಲಿ ನೋಡಿದೆ. ಆಮೇಲೆ ಹದಿನಾಲ್ಕು ತಿಂಗಳು ಯಾವ ಉಪಕರಣವನ್ನೂ ಮುಟ್ಟಲಿಲ್ಲ; ಮಾರಿಬಿಡುವ ಮಾತನ್ನೂ ಆಡಿದ್ದೆ. ಆ ಇಡೀ ಅವಧಿಯಲ್ಲಿ ಪಕ್ಕದ ಮನೆಯ ಹಿರಿಯರು ಪ್ರತಿ ಶನಿವಾರ ಬಂದು, ಗ್ಯಾರೇಜಿನ ಬಾಗಿಲು ತೆರೆಸಿ, ಮಾಸ್ಕ್ ಹಾಕಿಕೊಂಡು ದೂರದಲ್ಲಿ ಕುರ್ಚಿ ಹಾಕಿ ಕೂತು, ಗನ್ನಿಗೆ ಎಣ್ಣೆ ಬಿಟ್ಟು, ನೆಲ ಗುಡಿಸಿ ಹೋಗುತ್ತಿದ್ದರು. ಏಕೆ ಕೆಲಸ ನಿಲ್ಲಿಸಿದೆಯೆಂದು ಒಮ್ಮೆಯೂ ಕೇಳಲಿಲ್ಲ. 2021ರ ಜೂನಿನ ಒಂದು ಶನಿವಾರ ತಾವೇ ಬಾರ್ ಕೈಗೆತ್ತಿಕೊಂಡು, ಇವತ್ತಿಗೆ ಹತ್ತು ರಿವೆಟ್ ಸಾಕು ಎಂದರು. ಆ ದಿನ ಹೊಡೆದದ್ದು ನಲವತ್ತೆರಡು.

1953ರಲ್ಲಿ ಪಾಲ್ ಪೊಬೆರೆಜ್ನಿಯವರು ವಿಸ್ಕಾನ್ಸಿನ್‌ನಲ್ಲಿ ಹುಟ್ಟುಹಾಕಿದ, ಮನೆಯಲ್ಲೇ ವಿಮಾನ ಕಟ್ಟುವ ಹವ್ಯಾಸಿಗಳ ಇಎಎ ಸಂಘವು ತನ್ನ ದೊಡ್ಡ ವಾರ್ಷಿಕ ಜಾತ್ರೆಯನ್ನು 1970ರಿಂದ ಆಶ್‌ಕಾಶ್‌ನಲ್ಲಿ ನಡೆಸುತ್ತಿರುವುದು ಹಲವರಿಗೆ ಗೊತ್ತು. ಅದೇ ಸಂಘದ ತಾಂತ್ರಿಕ ಸಲಹೆಗಾರರು ಒಂದು ಡಾಲರನ್ನೂ ಪಡೆಯದೆ ಮನೆಮನೆಗೆ ಬಂದು ಕೆಲಸ ಪರೀಕ್ಷಿಸುತ್ತಾರೆಂಬುದು ಅಷ್ಟು ಗೊತ್ತಿಲ್ಲ. ನಮ್ಮ ಮನೆಗೆ ನಾಲ್ಕು ಬಾರಿ ಬಂದವರು, ರೆಕ್ಕೆಯ ಉದ್ದಕ್ಕೂ ತೊಲೆಯಂತೆ ಸಾಗುವ ಹಿಂದಿನ ಸ್ಪಾರನ್ನು ಒಡಲಿಗೆ ಕೂಡಿಸುವ ಬೋಲ್ಟಿನ ರಂಧ್ರ ಕೊರೆಯಲು ನಾನು ಡ್ರಿಲ್ ಎತ್ತಿದಾಗ ಕೈಯಡ್ಡ ಹಿಡಿದರು. ಆ ರಂಧ್ರದ ಮಧ್ಯದಿಂದ ಅಂಚಿಗೆ ಕನಿಷ್ಠ 5/8 ಇಂಚು ಇರಬೇಕು. ನಾನು ಗುರುತು ಮಾಡಿದ್ದಲ್ಲಿ ಕೊರೆದಿದ್ದರೆ ಅಷ್ಟು ಉಳಿಯುತ್ತಿರಲಿಲ್ಲ. ಅದನ್ನು ಬೆಸೆದು ಸರಿಪಡಿಸಲಾಗದು. ಎರಡೂ ರೆಕ್ಕೆಗಳನ್ನು ಮತ್ತೆ ಅಳೆದು, ಇಳಿಬಿಟ್ಟ ತೂಗುಗುಂಡಿನ ದಾರಗಳನ್ನು ನೋಡಿ, ಸಂಜೆ ಆರಕ್ಕೆ ಕೊರೆದೆವು.

ಬಾಲದ ಕೊಳವೆಯೊಳಗೆ ಮಲಗಿ ಕೇಬಲ್ ಎಳೆದ ಮಗಳಿಗೆ, ರಾತ್ರಿ ಒಂಬತ್ತರವರೆಗೆ ಸದ್ದು ಸಹಿಸಿದ ಬೀದಿಯವರಿಗೆ, ಅಕ್ರಿಲಿಕ್ ಚಾವಣಿಯನ್ನು ಕತ್ತರಿಸುವಾಗ ಅದು ಚಳಿಗೆ ಬಿರುಕು ಬಿಡದಂತೆ ಹೀಟರ್ ತಂದುಕೊಟ್ಟ ಕನ್ನಡ ಗೆಳೆಯರಿಗೆ, ಚಕ್ರಗಳ ಕೆಳಗಿಟ್ಟು ತೂಗಲು ಮೂರು ತಕ್ಕಡಿಗಳನ್ನು ಎರವಲು ಕೊಟ್ಟವರಿಗೆ ನಮಸ್ಕಾರಗಳು. ಅಂತಿಮ ಪರೀಕ್ಷೆಗೆ ಬಂದ ಅಧಿಕಾರಿಯವರಿಗೂ ಋಣಿ: ಇಂಧನದ ಕೊಳವೆಯ ನಟ್ಟೊಂದರ ಮೇಲೆ ಬಿಗಿತದ ಗುರುತಿನ ಬಣ್ಣವಿಲ್ಲವೆಂದು ತೋರಿಸಿ, ಅದನ್ನು ನಾನು ಮತ್ತೆ ಬಿಗಿದು ಬಣ್ಣ ಹಚ್ಚುವವರೆಗೆ ವಿಮಾನ ಹಾರಲು ಯೋಗ್ಯವೆಂಬ ಗುಲಾಬಿ ಬಣ್ಣದ ಪ್ರಮಾಣಪತ್ರಕ್ಕೆ ಸಹಿ ಹಾಕಲಿಲ್ಲ.

2024ರ ಜೂನಿನಲ್ಲಿ ನಡೆದ ಮೊದಲ ಹಾರಾಟದ ಬಗ್ಗೆ ಹೇಳುವಂಥದ್ದು ಕಡಿಮೆ. ಇದೇ ಮಾದರಿಯ ಬೇರೊಂದು ವಿಮಾನದಲ್ಲಿ ತರಬೇತಿ ಕೊಟ್ಟ ಶಿಕ್ಷಕರು ಹೇಳಿದಂತೆಯೇ ಏರಿದೆ, ನಿಲ್ದಾಣದ ಮೇಲೆಯೇ ಸುತ್ತಿದೆ, ಎಣ್ಣೆಯ ಬಿಸಿಯನ್ನೇ ನೋಡುತ್ತ ಇಪ್ಪತ್ತಾರು ನಿಮಿಷ ಕಳೆದು ಇಳಿದೆ. ನೆಲದ ಮೇಲೆ ರೇಡಿಯೊ ಹಿಡಿದು ನಿಂತಿದ್ದವರು ಪಕ್ಕದ ಮನೆಯ ಹಿರಿಯರೆಂದು ಬೇರೆ ಹೇಳಬೇಕಿಲ್ಲ. ಎಂಜಿನ್ ಮತ್ತು ಪ್ರೊಪೆಲ್ಲರ್ ಒಟ್ಟಿಗೆ ಪ್ರಮಾಣಪತ್ರ ಪಡೆದ ಜೋಡಿಯಾದರೆ ಪರೀಕ್ಷಾ ಹಾರಾಟಕ್ಕೆ 25 ಗಂಟೆ ಸಾಕು. ನಮ್ಮದು ಹಾಗಲ್ಲದ್ದರಿಂದ 40 ಗಂಟೆ, ಗೊತ್ತುಪಡಿಸಿದ ಪ್ರದೇಶದೊಳಗೆ, ಪಕ್ಕದ ಸೀಟನ್ನು ಖಾಲಿ ಇಟ್ಟುಕೊಂಡು ಹಾರಿದೆ.

ಇಲ್ಲೇ ಡೇಟನ್‌ನಲ್ಲಿ ರೈಟ್ ಸೋದರರ ಸೈಕಲ್ ಅಂಗಡಿಯಲ್ಲಿ, 1903ರ ವಿಮಾನಕ್ಕೆ ಹನ್ನೆರಡು ಅಶ್ವಶಕ್ತಿಯ ಎಂಜಿನ್ನನ್ನು ಆರು ವಾರಗಳಲ್ಲಿ ಮಾಡಿಕೊಟ್ಟವರು ಚಾರ್ಲಿ ಟೇಲರ್. ಶಾಲೆಯಲ್ಲಿ ಸೋದರರ ಹೆಸರನ್ನು ಬಾಯಿಪಾಠ ಮಾಡಿದ್ದ ನಾನು ಟೇಲರ್ ಹೆಸರನ್ನು ಕೇಳಿದ್ದು ಇಲ್ಲಿಗೆ ಬಂದ ಮೇಲೆ. ನಮ್ಮ ವಿಮಾನದ ತಯಾರಕರ ಫಲಕದ ಮೇಲೂ ಒಂದೇ ಹೆಸರಿದೆ. ವರ್ಷಕ್ಕೊಮ್ಮೆ ಅದನ್ನು ತಪಾಸಣೆ ಮಾಡುವ ಅರ್ಹತಾಪತ್ರವೂ ಕಟ್ಟಿದವರಲ್ಲಿ ಒಬ್ಬರಿಗೆ ಮಾತ್ರ ಸಿಗುತ್ತದೆ. ಉಳಿದ ಹೆಸರುಗಳು ರೆಕ್ಕೆಯೊಳಗಿವೆ.

ಭಾನುವಾರ ಸಂಜೆ ಹೆಂಡತಿ ಮೊದಲ ಬಾರಿಗೆ ಪಕ್ಕದ ಸೀಟಿನಲ್ಲಿ ಕೂತಳು. ಒಳಗೆ ಹತ್ತುವ ಜಾಗದ ಬಳಿ ಎರಡಿಂಚು ಎತ್ತರದಲ್ಲಿ ಬರೆದಿರುವ ಎಕ್ಸ್‌ಪೆರಿಮೆಂಟಲ್ ಎಂಬ ಪದವನ್ನೂ, ಇದು ಹವ್ಯಾಸಿಗಳು ಕಟ್ಟಿದ್ದೆಂಬ ಎಚ್ಚರಿಕೆಯ ಫಲಕವನ್ನೂ ನಿಧಾನವಾಗಿ ಓದಿ, ಬೆಲ್ಟ್ ಬಿಗಿದು, "ಸರಿ" ಎಂದಳು.

ಮುಂದಿನ ಶನಿವಾರ ಬೆಳಿಗ್ಗೆ ಹತ್ತಕ್ಕೆ ಹ್ಯಾಂಗರಿನಲ್ಲಿ ಎಲ್ಲರಿಗೂ ಇಡ್ಲಿ, ಕಾಫಿ ಇರುತ್ತದೆ. ನನ್ನ ಪಕ್ಕದ ಸೀಟು ಒಂದೇ ಇರುವುದರಿಂದ ಸರದಿಯ ಮೇಲೆ ಹಾರಾಟ. ಮೊದಲ ಸರದಿ ಪಕ್ಕದ ಮನೆಯ ಹಿರಿಯರದು. ಮೇ ತಿಂಗಳಲ್ಲಿ ಬರಲಿರುವ ಅಮ್ಮ ತಮ್ಮ ಸರದಿಯನ್ನು ಮೊಮ್ಮಗಳಿಗೆ ಬಿಟ್ಟುಕೊಟ್ಟಿದ್ದಾರೆ, ಕೆಳಗೆ ನಿಂತು ನೋಡುವರಂತೆ.